ಪಿಎಚ್‌ಡಿಯ ಬಾಗಿಲವರೆಗಿನ ದಾರಿ: ಅಮೆರಿಕದ ವಿಜ್ಞಾನ ವಿಭಾಗಗಳು ಮತ್ತು ಅಲ್ಲಿಗೆ ತಲುಪದ ವಿದ್ಯಾರ್ಥಿಗಳು

1876ರಲ್ಲಿ ಯೇಲ್ ವಿಶ್ವವಿದ್ಯಾಲಯ ಎಡ್ವರ್ಡ್ ಬೋಷೆ ಎಂಬ ತರುಣನಿಗೆ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಕೊಟ್ಟಿತು. ಅಮೆರಿಕದಲ್ಲಿ ಪಿಎಚ್‌ಡಿ ಪಡೆದ ಮೊದಲ ಕಪ್ಪುವರ್ಣೀಯ ಆತ. ಬಣ್ಣದ ಲೆಕ್ಕ ಬಿಟ್ಟು ನೋಡಿದರೂ ಆ ದೇಶದಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಪಡೆದವರಲ್ಲಿ ಆರನೆಯವ. ಬಿ.ಎ. ಮುಗಿಸಿದ್ದ ಬೋಷೆಯನ್ನು ಸಂಶೋಧನೆಗೆ ಕಳಿಸಿದ್ದು ಫಿಲಡೆಲ್ಫಿಯದ ದಾನಿ ಆಲ್ಫ್ರೆಡ್ ಕೋಪ್. ‘ನೀನು ಮುಂದೆ ಓದು’ ಎಂದು ಹುರಿದುಂಬಿಸಿ, ಖರ್ಚಿಗೆ ಹಣವನ್ನೂ ಕೊಟ್ಟರು. ಓದು ಮುಗಿದ ಮೇಲೆ ಮಾತ್ರ ಯಾವ ವಿಶ್ವವಿದ್ಯಾಲಯವೂ ಬೋಷೆಗೆ ಕೆಲಸ ಕೊಡಲಿಲ್ಲ. ಫಿಲಡೆಲ್ಫಿಯದ ಕಪ್ಪು ಮಕ್ಕಳ ಶಾಲೆಯೊಂದರಲ್ಲಿ ಅವರು 26 ವರ್ಷ ವಿಜ್ಞಾನ ಕಲಿಸಿದರು. ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದ ಎರಡನೆಯ ಕಪ್ಪುವರ್ಣೀಯ ಎಲ್ಮರ್ ಐಮ್ಸ್ ಮಿಶಿಗನ್ ವಿಶ್ವವಿದ್ಯಾಲಯದಿಂದ ಹೊರಬಂದದ್ದು 1918ರಲ್ಲಿ. ನಡುವೆ ನಲವತ್ತೆರಡು ವರ್ಷ ಕಳೆದಿತ್ತು.

ಒಬ್ಬ ವಿದ್ಯಾರ್ಥಿಯನ್ನು ಉನ್ನತ ಸಂಶೋಧನೆಗೆ ಕರೆತರಲು ಬೇಕಾದದ್ದೆಲ್ಲ ಬೋಷೆಯ ಕತೆಯಲ್ಲಿ ಕಾಣುತ್ತದೆ: ಗುರುತಿಸಿ ಕೇಳುವವರು, ಹಣ, ಸೇರಿಸಿಕೊಳ್ಳುವ ವಿಭಾಗ, ಮುಗಿದ ಮೇಲೆ ಒಂದು ಕೆಲಸ. ಇವುಗಳಲ್ಲಿ ಯಾವುದು ತಪ್ಪಿದರೂ ಉಳಿದದ್ದು ವ್ಯರ್ಥವಾಗುತ್ತದೆ. ಕಳೆದ ಐವತ್ತು ವರ್ಷಗಳಲ್ಲಿ ಅಮೆರಿಕದ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಭಾಗಗಳು ಕಪ್ಪುವರ್ಣೀಯ, ಹಿಸ್ಪಾನಿಕ್ ಮತ್ತು ಮೂಲನಿವಾಸಿ ವಿದ್ಯಾರ್ಥಿಗಳನ್ನು ಕರೆತರಲು ನಡೆಸಿದ ಪ್ರಯತ್ನಗಳ ಪರಿಚಯ ಇಲ್ಲಿದೆ.

ಯಾರ ಸಂಖ್ಯೆ ಕಡಿಮೆ?

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಅಂದರೆ ಎನ್‌ಎಸ್‌ಎಫ್, ಮೂರು ಸಮುದಾಯಗಳನ್ನು ‘ಕಡಿಮೆ ಪ್ರಾತಿನಿಧ್ಯದ ಅಲ್ಪಸಂಖ್ಯಾತರು’ ಎಂದು ಎಣಿಸುತ್ತ ಬಂದಿದೆ: ಕಪ್ಪುವರ್ಣೀಯರು, ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದ ಹಿಸ್ಪಾನಿಕ್ ಜನ, ಅಮೆರಿಕದ ಮತ್ತು ಅಲಾಸ್ಕದ ಮೂಲನಿವಾಸಿಗಳು. ಜನಸಂಖ್ಯೆಯಲ್ಲಿ ಕಡಿಮೆ ಇದ್ದರೆ ಸಾಲದು, ವಿಜ್ಞಾನದಲ್ಲಿ ಇರುವ ಪಾಲು ಜನಸಂಖ್ಯೆಯ ಪಾಲಿಗಿಂತ ಕಡಿಮೆ ಇರಬೇಕು. ಹಾಗಾಗಿ ಭಾರತ ಮತ್ತು ಚೀನಾ ಮೂಲದವರು ಅಲ್ಪಸಂಖ್ಯಾತರಾದರೂ ಈ ಪಟ್ಟಿಯಲ್ಲಿಲ್ಲ. ಬೆಂಗಳೂರು, ಮೈಸೂರು, ಸುರತ್ಕಲ್‌ಗಳಿಂದ ಹೋಗಿ ಅಲ್ಲಿನ ಎಂಜಿನಿಯರಿಂಗ್ ವಿಭಾಗಗಳನ್ನು ಸೇರುವ ನಮ್ಮ ಹುಡುಗ ಹುಡುಗಿಯರು ಈ ಯೋಜನೆಗಳ ಫಲಾನುಭವಿಗಳಲ್ಲ. ಪಕ್ಕದ ಬೆಂಚಿನ ಸಹಪಾಠಿಗಳು ಯಾವ ದಾರಿಯಲ್ಲಿ ಬಂದರು ಎಂಬುದು ಅವರಲ್ಲಿ ಬಹುಪಾಲು ಮಂದಿಗೆ ತಿಳಿದೂ ಇರುವುದಿಲ್ಲ.

ಎನ್‌ಎಸ್‌ಎಫ್‌ನ ಇತ್ತೀಚಿನ ವರದಿಗಳನ್ನು ನೋಡಿದರೆ, 18ರಿಂದ 34 ವಯಸ್ಸಿನ ಅಮೆರಿಕನ್ನರಲ್ಲಿ ಈ ಮೂರು ಸಮುದಾಯಗಳ ಒಟ್ಟು ಪಾಲು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ವಿಜ್ಞಾನ, ಎಂಜಿನಿಯರಿಂಗ್ ಪದವೀಧರರಲ್ಲಿ ಸುಮಾರು ಕಾಲು ಭಾಗ. ಪಿಎಚ್‌ಡಿ ಪಡೆಯುವ ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಆರನೆಯ ಒಂದು ಭಾಗ. ಮೇಲೆ ಹೋದಂತೆ ಪಾಲು ಕರಗುತ್ತದೆ. ಭೌತಶಾಸ್ತ್ರ, ಗಣಿತ, ಖಗೋಳವಿಜ್ಞಾನಗಳಲ್ಲಿ ಇನ್ನೂ ಕಡಿಮೆ. ಪದವಿಯಿಂದ ಪಿಎಚ್‌ಡಿಗೆ ಹೋಗುವ ಹಂತದಲ್ಲಿ ಇಷ್ಟು ಜನ ಕಳೆದುಹೋಗುವುದೇಕೆ ಎಂಬುದು ಈ ವಿಷಯದ ಮುಖ್ಯ ಪ್ರಶ್ನೆ.

ಊರು ಬಿಟ್ಟು ಹೋಗಲು ದುಡ್ಡು ಕೊಟ್ಟ ಸರ್ಕಾರಗಳು

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ದಕ್ಷಿಣ ಮತ್ತು ಗಡಿ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳು ಕಪ್ಪುವರ್ಣೀಯರಿಗೆ ಮುಚ್ಚಿದ್ದವು. ಸ್ನಾತಕೋತ್ತರ ಓದು ಬೇಕೆಂದು ಬಂದವರಿಗೆ ಕೆಲವು ರಾಜ್ಯಗಳು ಬೇರೊಂದು ಉಪಾಯ ಹುಡುಕಿದ್ದವು. ‘ಉತ್ತರದ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಹೋಗಿ, ಫೀಸು ನಾವು ಕಟ್ಟುತ್ತೇವೆ’ ಎನ್ನುವುದೇ ಆ ಉಪಾಯ. ತಮ್ಮ ಕಾಲೇಜಿನೊಳಗೆ ಬಿಟ್ಟುಕೊಳ್ಳುವುದಕ್ಕಿಂತ ಊರಾಚೆ ಕಳಿಸಿ ದುಡ್ಡು ಕೊಡುವುದು ಆ ಸರ್ಕಾರಗಳಿಗೆ ಲೇಸಾಗಿ ಕಂಡಿತ್ತು.

ಲಾಯ್ಡ್ ಗೇನ್ಸ್ ಎಂಬ ವಿದ್ಯಾರ್ಥಿ ಮಿಸೌರಿ ರಾಜ್ಯದ ಈ ಏರ್ಪಾಟನ್ನು ಪ್ರಶ್ನಿಸಿದರು. ರಾಜ್ಯದೊಳಗೇ ಸಮಾನ ಶಿಕ್ಷಣ ಒದಗಿಸಬೇಕು, ಹೊರಗೆ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು 1938ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗೇನ್ಸ್ ಕೇಳಿದ್ದು ಕಾನೂನು ಕಾಲೇಜಿನ ಸೀಟನ್ನು. ತೀರ್ಪಿನ ಪರಿಣಾಮ ಮಾತ್ರ ವಿಜ್ಞಾನದವರೆಗೂ ಹರಡಿತು. ವೆಸ್ಟ್ ವರ್ಜೀನಿಯ 1939ರಲ್ಲಿ ಸದ್ದಿಲ್ಲದೆ ಮೂವರು ಕಪ್ಪು ವಿದ್ಯಾರ್ಥಿಗಳನ್ನು ಆರಿಸಿ ಸ್ನಾತಕೋತ್ತರ ತರಗತಿಗೆ ಸೇರಿಸಿಕೊಂಡಿತು. ಅವರಲ್ಲಿ ಗಣಿತಕ್ಕೆ ಬಂದ ತರುಣಿ ಕ್ಯಾಥರೀನ್ ಜಾನ್ಸನ್. ಮುಂದೆ ನಾಸಾದಲ್ಲಿ ಗಗನಯಾತ್ರಿ ಜಾನ್ ಗ್ಲೆನ್ನರ ಕಕ್ಷೆಯ ಲೆಕ್ಕವನ್ನು ಪರಿಶೀಲಿಸಿಕೊಟ್ಟವರು, ‘ಹಿಡನ್ ಫಿಗರ್ಸ್’ ಚಿತ್ರದಿಂದ ಜಗತ್ತಿಗೆ ಪರಿಚಿತರಾದವರು. ಅವರು ಸಂಸಾರ ಹೂಡಲೆಂದು ಆ ಓದನ್ನು ಮಧ್ಯದಲ್ಲೇ ಬಿಟ್ಟರು. ಲಾಯ್ಡ್ ಗೇನ್ಸ್ 1939ರಲ್ಲಿ ಕಾಣೆಯಾದರು, ಮತ್ತೆ ಸಿಗಲೇ ಇಲ್ಲ.

ಸೇರಿಸಿಕೊಂಡ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಒಕ್ಲಹೋಮ ವಿಶ್ವವಿದ್ಯಾಲಯ ಜಾರ್ಜ್ ಮೆಕ್‌ಲಾರಿನ್ ಎಂಬ ಹಿರಿಯ ವಿದ್ಯಾರ್ಥಿಯನ್ನು ಡಾಕ್ಟರೇಟಿಗೆ ತೆಗೆದುಕೊಂಡಿತಾದರೂ ತರಗತಿಯ ಪಕ್ಕದ ಕೋಣೆಯಲ್ಲಿ ಕೂರಿಸಿತು. ಗ್ರಂಥಾಲಯದಲ್ಲಿ ಬೇರೆ ಮೇಜು, ಊಟದ ಮನೆಯಲ್ಲಿ ಬೇರೆ ಹೊತ್ತು, ಬೇರೆ ಜಾಗ. ಸಹಪಾಠಿಗಳೊಡನೆ ಚರ್ಚಿಸಿ ಕಲಿಯುವ ಅವಕಾಶವೂ ಶಿಕ್ಷಣದ ಭಾಗವೇ, ಅದನ್ನು ಕಸಿಯುವುದು ಅಸಮಾನತೆ ಎಂದು 1950ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಇಂದಿನ ಸಂಶೋಧನಾ ಪ್ರಯೋಗಾಲಯಗಳಲ್ಲಿ ಅಂಥ ಪಕ್ಕದ ಕೋಣೆ ಇಲ್ಲ. ಆದರೂ ಇಡೀ ವಿಭಾಗಕ್ಕೆ ಒಬ್ಬರೇ ಆಗಿ, ಯಾರ ಗುಂಪಿಗೂ ಸೇರದೆ ವರ್ಷಗಳನ್ನು ಕಳೆಯುವ ವಿದ್ಯಾರ್ಥಿಯ ಪಾಡಿಗೆ ಆ ತೀರ್ಪಿನ ಮಾತು ಇವತ್ತೂ ಅನ್ವಯಿಸುತ್ತದೆ ಎಂದೇ ನನ್ನ ಅಭಿಪ್ರಾಯ.

ಬ್ಲ್ಯಾಕ್‌ವೆಲ್ ಮತ್ತು ಹಡಗಲಿಯ ರಾವ್

ಸಂಖ್ಯಾಶಾಸ್ತ್ರ ಓದಿದ ಕನ್ನಡಿಗರಿಗೆಲ್ಲ ‘ರಾವ್-ಬ್ಲ್ಯಾಕ್‌ವೆಲ್ ಪ್ರಮೇಯ’ ಗೊತ್ತು. ರಾವ್ ಎಂದರೆ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್. ಅವರ ಪ್ರಬಂಧ ಬಂದದ್ದು 1945ರಲ್ಲಿ, ಕಲ್ಕತ್ತದಿಂದ. ಎರಡು ವರ್ಷದ ಅನಂತರ ಸ್ವತಂತ್ರವಾಗಿ ಅದೇ ಫಲಿತಾಂಶ ಮುಟ್ಟಿದವರು ಡೇವಿಡ್ ಬ್ಲ್ಯಾಕ್‌ವೆಲ್, ಇಲಿನಾಯ್ ರಾಜ್ಯದ ಸಣ್ಣ ಊರಿನ ಕಪ್ಪು ಹುಡುಗ, 22ನೆಯ ವಯಸ್ಸಿಗೇ ಪಿಎಚ್‌ಡಿ ಪಡೆದವರು.

1941ರಲ್ಲಿ ಫೆಲೋಶಿಪ್ ಪಡೆದು ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಗೆ ಬಂದ ಬ್ಲ್ಯಾಕ್‌ವೆಲ್ಲರಿಗೆ, ಸಂಸ್ಥೆಯ ಇತರ ಸದಸ್ಯರಿಗೆ ಸಹಜವಾಗಿ ಸಿಗುತ್ತಿದ್ದ ಗೌರವ ಸ್ಥಾನ ಕೊಡಲು ಪಕ್ಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ತಕರಾರು ತೆಗೆಯಿತು. ಮರುವರ್ಷ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕೆಲಸದ ಮಾತುಕತೆ ನಡೆದು, ಬಣ್ಣದ ಕಾರಣಕ್ಕೆ ಬಿದ್ದುಹೋಯಿತು. ಬಿಳಿಯರ ವಿಶ್ವವಿದ್ಯಾಲಯ ತನ್ನನ್ನು ಕರೆಯುವುದಿಲ್ಲ ಎಂದು ತಿಳಿದಿದ್ದ ಅವರು ನೂರಕ್ಕೂ ಹೆಚ್ಚು ಕಪ್ಪು ಕಾಲೇಜುಗಳಿಗೆ ಅರ್ಜಿ ಬರೆದಿದ್ದರು. ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷ ಕಲಿಸಿದ ಮೇಲೆ ಬರ್ಕ್ಲಿ ಮತ್ತೆ ಕರೆಯಿತು. 1965ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಕಪ್ಪುವರ್ಣೀಯರಾದರು. 2024ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಹೊಸ ಚಿಪ್ಪಿನ ವಿನ್ಯಾಸಕ್ಕೆ ‘ಬ್ಲ್ಯಾಕ್‌ವೆಲ್’ ಎಂದು ಹೆಸರಿಟ್ಟಿತು.

ಇಂಥ ಮಟ್ಟದ ಗಣಿತಜ್ಞರಿಗೂ ಬಾಗಿಲು ತೆರೆಯಲು ಹದಿಮೂರು ವರ್ಷ ಬೇಕಾಯಿತು. ಅವರಷ್ಟು ಅಸಾಧಾರಣರಲ್ಲದ, ಆದರೆ ಒಳ್ಳೆಯ ವಿಜ್ಞಾನಿಗಳಾಗಬಹುದಾಗಿದ್ದ ನೂರಾರು ಜನ ಎಲ್ಲಿ ಹೋದರು ಎಂದು ಲೆಕ್ಕ ಇಟ್ಟವರಿಲ್ಲ.

ದಾರಿ ಎಲ್ಲೆಲ್ಲಿ ಕಡಿಯುತ್ತದೆ

ಮೊದಲನೆಯದು ಮಾಹಿತಿ. ಅಮೆರಿಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಪಿಎಚ್‌ಡಿಗೆ ಸೇರಿದವರು ಸಾಮಾನ್ಯವಾಗಿ ಫೀಸು ಕಟ್ಟಬೇಕಿಲ್ಲ. ಪಾಠದಲ್ಲೋ ಸಂಶೋಧನೆಯಲ್ಲೋ ಸಹಾಯಕರಾಗಿ ದುಡಿದು ತಿಂಗಳ ಸ್ಟೈಪೆಂಡ್ ಪಡೆಯುತ್ತಾರೆ. ಪ್ರೊಫೆಸರರ ಮನೆಯ ಮಕ್ಕಳಿಗೆ ಇದು ಊಟದ ಮೇಜಿನಲ್ಲೇ ಗೊತ್ತಾಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ವಿದ್ಯಾರ್ಥಿಗೆ ಹೇಳುವವರಿಲ್ಲ. ಪದವಿಗೆ ಮಾಡಿದ ಸಾಲವೇ ತಲೆಯ ಮೇಲಿರುವಾಗ, ಮತ್ತೆ ಐದಾರು ವರ್ಷ ಫೀಸು ಕಟ್ಟಬೇಕೆಂದು ತಿಳಿದು ಅವರು ಸಿಕ್ಕಿದ ಕೆಲಸಕ್ಕೆ ಸೇರುತ್ತಾರೆ.

ಎರಡನೆಯದು ಸಂಶೋಧನೆಯ ಅನುಭವ. ಪ್ರವೇಶ ಸಮಿತಿಗಳು ಅಂಕದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅರ್ಜಿದಾರರು ಪ್ರಯೋಗಾಲಯದಲ್ಲಿ ಏನು ಮಾಡಿದ್ದಾರೆ, ಶಿಫಾರಸು ಪತ್ರ ಬರೆದವರು ಯಾರು ಎಂದು ನೋಡುತ್ತವೆ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಎರಡನೆಯ ವರ್ಷವೇ ಲ್ಯಾಬ್ ಸಿಗುತ್ತದೆ. ಸಣ್ಣ ಕಾಲೇಜಿನವರಿಗೆ ಅದು ಬೇಸಿಗೆ ರಜೆಯಲ್ಲಿ ಬೇರೆ ಊರಿಗೆ ಹೋದರೆ ಮಾತ್ರ ಸಿಗುವಂಥದು. ಮನೆಯ ಖರ್ಚಿಗೆ ಬೇಸಿಗೆಯಲ್ಲಿ ದುಡಿಯಲೇಬೇಕಾದವರಿಗೆ ಅದೂ ಇಲ್ಲ. ಎನ್‌ಎಸ್‌ಎಫ್ ನೆರವಿನಿಂದ ನಡೆಯುವ ಬೇಸಿಗೆ ಸಂಶೋಧನಾ ಕಾರ್ಯಕ್ರಮಗಳು ಸಂಬಳ ಕೊಡುವುದು ಈ ಕಾರಣಕ್ಕೇ.

ಇನ್ನು ಖರ್ಚು. ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಗೆ ಇನ್ನೂರು ಡಾಲರಿಗೂ ಹೆಚ್ಚು, ಒಂದೊಂದು ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಅರ್ಜಿ ಶುಲ್ಕ. ಇಲ್ಲಿಂದ ಅರ್ಜಿ ಹಾಕಿದ ಮಧ್ಯಮವರ್ಗದ ಮನೆಗಳಿಗೂ ಈ ಹೊರೆ ಗೊತ್ತಿದೆ. ಅರ್ಹರಿಗೆ ಶುಲ್ಕ ಬಿಡುವ ಏರ್ಪಾಟು ಅನೇಕ ಕಡೆ ಇದ್ದರೂ ಕೇಳಿದವರಿಗಷ್ಟೇ ಸಿಗುತ್ತದೆ. ಕೇಳಬಹುದೆಂದು ತಿಳಿದಿರುವವರು ಕಡಿಮೆ.

ಇವೆಲ್ಲದರ ಜೊತೆಗೆ ಭೂಗೋಳವೂ ಇದೆ. ಅಮೆರಿಕದಲ್ಲಿ ಸುಮಾರು ನೂರು ಐತಿಹಾಸಿಕ ಕಪ್ಪು ಕಾಲೇಜುಗಳಿವೆ, ಬಹುಪಾಲು ದಕ್ಷಿಣದಲ್ಲಿ. ಕಪ್ಪು ವಿದ್ಯಾರ್ಥಿಗಳಲ್ಲಿ ಹತ್ತರಲ್ಲೊಬ್ಬರಷ್ಟೇ ಅಲ್ಲಿ ಓದುತ್ತಾರೆ. ಆದರೆ ವಿಜ್ಞಾನ, ಎಂಜಿನಿಯರಿಂಗಿನಲ್ಲಿ ಪಿಎಚ್‌ಡಿ ಪಡೆದ ಕಪ್ಪುವರ್ಣೀಯರಲ್ಲಿ ಸುಮಾರು ಕಾಲು ಭಾಗ ಜನರ ಮೊದಲ ಪದವಿ ಈ ಕಾಲೇಜುಗಳದ್ದು. ಹಿಸ್ಪಾನಿಕ್ ಎಂಜಿನಿಯರುಗಳ ವಿಷಯದಲ್ಲಿ ಪೋರ್ಟೊ ರಿಕೊ ವಿಶ್ವವಿದ್ಯಾಲಯದ ಮಯಾಗ್ವೆಸ್ ಕ್ಯಾಂಪಸ್ಸಿಗೆ ಇಂಥದೇ ಸ್ಥಾನವಿದೆ. ಸಂಶೋಧನಾ ವಿಭಾಗಗಳು ತಮಗೆ ಪರಿಚಯದ ಹತ್ತಿಪ್ಪತ್ತು ಹೆಸರಾಂತ ಕಾಲೇಜುಗಳಿಂದಲೇ ವಿದ್ಯಾರ್ಥಿಗಳನ್ನು ಆರಿಸುತ್ತ ಹೋದರೆ ಈ ಮಕ್ಕಳು ಕಣ್ಣಿಗೆ ಬೀಳುವುದೇ ಇಲ್ಲ.

ಬರ್ಕ್ಲಿಯ ಗಣಿತ ತರಗತಿಯಲ್ಲಿ ಕಂಡದ್ದು

1970ರ ದಶಕದ ಮಧ್ಯದಲ್ಲಿ ಯೂರಿ ಟ್ರೈಸ್‌ಮನ್ ಬರ್ಕ್ಲಿಯಲ್ಲಿ ಸಂಶೋಧನಾ ವಿದ್ಯಾರ್ಥಿ. ಮೊದಲ ವರ್ಷದ ಕಲನಶಾಸ್ತ್ರದಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚಿನ ಸಂಖ್ಯೆಯಲ್ಲಿ ಫೇಲಾಗುತ್ತಿದ್ದರು, ಚೀನೀ ಮೂಲದ ವಿದ್ಯಾರ್ಥಿಗಳು ಚೆನ್ನಾಗಿ ಮಾಡುತ್ತಿದ್ದರು. ಅಧ್ಯಾಪಕರನ್ನು ಕೇಳಿದರೆ ಸಿದ್ಧ ಉತ್ತರಗಳು ಬಂದವು: ಆಸಕ್ತಿ ಇಲ್ಲ, ಹೈಸ್ಕೂಲು ಸರಿಯಿಲ್ಲ, ಮನೆಯವರಿಗೆ ಓದಿನ ಬೆಲೆ ಗೊತ್ತಿಲ್ಲ, ಬಡತನ. ಟ್ರೈಸ್‌ಮನ್ ಎರಡೂ ಗುಂಪಿನಿಂದ ಇಪ್ಪತ್ತಿಪ್ಪತ್ತು ಜನರನ್ನು ಆರಿಸಿ, ಅವರ ಹಾಸ್ಟೆಲಿಗೆ, ಗ್ರಂಥಾಲಯಕ್ಕೆ, ಮನೆಗೆ ಹೋಗಿ ಹೇಗೆ ಓದುತ್ತಾರೆಂದು ತಿಂಗಳುಗಟ್ಟಲೆ ನೋಡಿದರು. ಆ ಉತ್ತರಗಳಲ್ಲಿ ಒಂದೂ ನಿಲ್ಲಲಿಲ್ಲ.

ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದಲೇ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಸ್ನೇಹ ಒಂದು ಕಡೆ, ಓದು ಇನ್ನೊಂದು ಕಡೆ ಎಂದು ಬೇರೆ ಇಟ್ಟಿದ್ದರು. ಹೈಸ್ಕೂಲಿನಲ್ಲಿ ಹಾಗೆ ಒಂಟಿಯಾಗಿ ಓದಿಯೇ ಅವರು ಬರ್ಕ್ಲಿಯವರೆಗೆ ಬಂದದ್ದು. ಚೀನೀ ಮೂಲದವರು ಮೊದಲು ತಾವೇ ಲೆಕ್ಕ ಮಾಡಿ, ಆಮೇಲೆ ಗುಂಪಾಗಿ ಕೂತು ಉತ್ತರ ಹೋಲಿಸಿ, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಯಾವ ಪ್ರೊಫೆಸರರು ಏನು ಕೇಳುತ್ತಾರೆಂಬುದನ್ನೂ ಹಂಚಿಕೊಳ್ಳುತ್ತಿದ್ದರು.

ಟ್ರೈಸ್‌ಮನ್ ಶುರುಮಾಡಿದ ಕಾರ್ಯಾಗಾರದಲ್ಲಿ ಹಿಂದುಳಿದವರಿಗೆ ಹಳೆಯ ಪಾಠವನ್ನೇ ಮತ್ತೆ ಹೇಳಿಕೊಡುವ ರೂಢಿ ಇರಲಿಲ್ಲ. ತರಗತಿಯಲ್ಲಿ ಕೊಡುವುದಕ್ಕಿಂತ ಕಷ್ಟದ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಬಿಡಿಸಿಸಿದರು. ಅಲ್ಲಿಗೆ ಬಂದ ಕಪ್ಪು ವಿದ್ಯಾರ್ಥಿಗಳ ಫಲಿತಾಂಶ ಬದಲಾಯಿತು. ‘ನಿಮಗೆ ಬರುವುದಿಲ್ಲ, ಬನ್ನಿ ಸಹಾಯ ಮಾಡುತ್ತೇವೆ’ ಎಂದು ಕರೆದರೆ ಒಳ್ಳೆಯ ವಿದ್ಯಾರ್ಥಿಗಳು ಬರುವುದಿಲ್ಲ, ‘ನೀವು ಸಮರ್ಥರು, ಇನ್ನೂ ಗಟ್ಟಿ ಕೆಲಸ ಮಾಡೋಣ’ ಎಂದರೆ ಬರುತ್ತಾರೆ. ಆಮೇಲೆ ಬಂದ ಯಶಸ್ವೀ ಯೋಜನೆಗಳಲ್ಲೆಲ್ಲ ಈ ತಿಳಿವಳಿಕೆ ಕಾಣುತ್ತದೆ.

ಮೇಯರ್‌ಹಾಫ್ ಯೋಜನೆ

ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಬಾಲ್ಟಿಮೋರ್ ಬಳಿಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನ, ಅಂದರೆ ಯುಎಂಬಿಸಿಯ, ಮೇಯರ್‌ಹಾಫ್ ವಿದ್ವಾಂಸರ ಯೋಜನೆ. 1988ರಲ್ಲಿ ದಾನಿಗಳಾದ ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ದಂಪತಿಯ ಹಣದಿಂದ ಇದನ್ನು ಕಟ್ಟಿದವರು ಫ್ರೀಮನ್ ಹ್ರಬೌಸ್ಕಿ. 1963ರಲ್ಲಿ ಜನಾಂಗಭೇದದ ವಿರುದ್ಧ ಬರ್ಮಿಂಗ್‌ಹ್ಯಾಮಿನಲ್ಲಿ ಹೊರಟ ಮಕ್ಕಳ ಮೆರವಣಿಗೆಯಲ್ಲಿ ನಡೆದು, ಹನ್ನೆರಡನೆಯ ವಯಸ್ಸಿಗೆ ಜೈಲು ಕಂಡ ಗಣಿತದ ಹುಡುಗ. 1992ರಿಂದ 2022ರವರೆಗೆ ಯುಎಂಬಿಸಿಯ ಅಧ್ಯಕ್ಷರಾಗಿದ್ದರು.

1989ರ ಮೊದಲ ತಂಡದಲ್ಲಿ 19 ಕಪ್ಪು ಹುಡುಗರಿದ್ದರು. ಮರುವರ್ಷದಿಂದ ಹುಡುಗಿಯರೂ ಬಂದರು. 1996ರಿಂದ ಎಲ್ಲ ಜನಾಂಗದವರಿಗೂ ತೆರೆಯಿತು. ಕಾಲೇಜು ಶುರುವಾಗುವ ಮುಂಚೆಯೇ ಆರು ವಾರದ ಬೇಸಿಗೆ ಶಿಬಿರ. ಅಲ್ಲಿ ಒಟ್ಟಿಗೆ ಇರಬೇಕು, ಒಟ್ಟಿಗೆ ಓದಬೇಕು. ಮುಂದಿನ ನಾಲ್ಕು ವರ್ಷವೂ ಗುಂಪು ಓದು ಕಡ್ಡಾಯ. ಸ್ಕಾಲರ್‌ಶಿಪ್ ಉಳಿಯಬೇಕಾದರೆ ಅಂಕ ಉಳಿಯಬೇಕು. ಬೇಸಿಗೆಯಲ್ಲಿ ಪ್ರಯೋಗಾಲಯ. ತಂದೆತಾಯಿಯರನ್ನೂ ಕರೆದು ವಿವರಿಸುತ್ತಾರೆ. ಮೊದಲ ದಿನದಿಂದಲೇ ಹೇಳುವುದು: ಇಲ್ಲಿಗೆ ಬಂದದ್ದು ಪದವಿಗಲ್ಲ, ಪಿಎಚ್‌ಡಿಗೆ.

ಇದರ ಫಲವನ್ನು ಅಳೆಯಲು ವಿಶ್ವವಿದ್ಯಾಲಯ ಒಂದು ನ್ಯಾಯವಾದ ಹೋಲಿಕೆ ಮಾಡಿತು. ಯೋಜನೆಗೆ ಆಯ್ಕೆಯಾಗಿಯೂ ಬೇರೆ ವಿಶ್ವವಿದ್ಯಾಲಯಕ್ಕೆ ಹೋದ ವಿದ್ಯಾರ್ಥಿಗಳನ್ನು, ಅಂದರೆ ಅಷ್ಟೇ ಬುದ್ಧಿವಂತರನ್ನು, ಪಕ್ಕದಲ್ಲಿಟ್ಟು ನೋಡಿತು. ಯೋಜನೆಯಲ್ಲಿ ಓದಿದವರು ವಿಜ್ಞಾನದ ಪಿಎಚ್‌ಡಿಗೆ ಹೋಗುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚಿತ್ತು. ಬುದ್ಧಿ ಎರಡೂ ಕಡೆ ಸಮ ಎಂದಾದರೆ ವ್ಯತ್ಯಾಸ ತಂದದ್ದು ಏರ್ಪಾಟೇ. ಮಾಡರ್ನಾ ಕೋವಿಡ್ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಕಿಜ್‌ಮೀಕಿಯಾ ಕಾರ್ಬೆಟ್ ಈ ಯೋಜನೆಯಲ್ಲಿ ಓದಿದವರು. ಪೆನ್ ಸ್ಟೇಟ್ ಮತ್ತು ಉತ್ತರ ಕೆರೊಲಿನ ವಿಶ್ವವಿದ್ಯಾಲಯಗಳು ಇದೇ ಮಾದರಿಯನ್ನು ತಮ್ಮಲ್ಲಿ ಮಾಡಿದಾಗ ಅಲ್ಲೂ ಒಳ್ಳೆಯ ಫಲ ಬಂತು. ಒಬ್ಬ ವರ್ಚಸ್ವೀ ಅಧ್ಯಕ್ಷರಿಂದಷ್ಟೇ ಆಗುವ ಕೆಲಸ ಇದು ಎನ್ನುತ್ತಿದ್ದವರಿಗೆ ಅದೇ ಉತ್ತರ.

ನ್ಯಾಶ್‌ವಿಲ್‌ನ ಸೇತುವೆ

ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಊರಿನಲ್ಲಿ ಮೂರು ಕಿಲೋಮೀಟರ್ ಅಂತರದಲ್ಲಿ ಎರಡು ವಿಶ್ವವಿದ್ಯಾಲಯಗಳಿವೆ. ಒಂದು ಬಿಡುಗಡೆಗೊಂಡ ಗುಲಾಮರಿಗಾಗಿ 1866ರಲ್ಲಿ ಶುರುವಾದ ಫಿಸ್ಕ್. ಆರಂಭದಲ್ಲಿ ಹೇಳಿದ ಎಲ್ಮರ್ ಐಮ್ಸ್ ಓದಿ, ಪಾಠವನ್ನೂ ಹೇಳಿದ ಜಾಗ ಅದು. ಇನ್ನೊಂದು ಶ್ರೀಮಂತವಾದ ವಾಂಡರ್‌ಬಿಲ್ಟ್. ಒಂದು ಶತಮಾನಕ್ಕೂ ಮೀರಿ ಇವು ಒಂದೇ ಊರಿನಲ್ಲಿದ್ದೂ ಬೇರೆ ಬೇರೆ ಲೋಕಗಳಾಗಿದ್ದವು. 2004ರಲ್ಲಿ ಖಗೋಳವಿಜ್ಞಾನಿ ಕೀವನ್ ಸ್ಟಾಸನ್ ಮತ್ತು ಎರಡೂ ಕಡೆಯ ಸಹೋದ್ಯೋಗಿಗಳು ಫಿಸ್ಕ್-ವಾಂಡರ್‌ಬಿಲ್ಟ್ ಬ್ರಿಜ್ ಕಾರ್ಯಕ್ರಮ ಆರಂಭಿಸಿದರು.

ವಿದ್ಯಾರ್ಥಿ ಮೊದಲು ಫಿಸ್ಕ್‌ನಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಸೇರುತ್ತಾನೆ ಅಥವಾ ಸೇರುತ್ತಾಳೆ. ಫೀಸು ಇಲ್ಲ, ಸ್ಟೈಪೆಂಡ್ ಉಂಟು. ಆ ಎರಡು ವರ್ಷಗಳಲ್ಲೇ ವಾಂಡರ್‌ಬಿಲ್ಟ್‌ನ ಪ್ರಯೋಗಾಲಯದಲ್ಲಿ ಸಂಶೋಧನೆ, ಅಲ್ಲಿನ ಒಂದೆರಡು ಕೋರ್ಸು, ಎರಡೂ ಕಡೆ ಒಬ್ಬೊಬ್ಬ ಮಾರ್ಗದರ್ಶಕರು. ಪಿಎಚ್‌ಡಿಗೆ ಅರ್ಜಿ ಹಾಕುವ ಹೊತ್ತಿಗೆ ವಾಂಡರ್‌ಬಿಲ್ಟ್‌ನ ಪ್ರೊಫೆಸರರು ಈ ವಿದ್ಯಾರ್ಥಿಯ ಕೆಲಸವನ್ನು ಕಣ್ಣಾರೆ ಕಂಡಿರುತ್ತಾರೆ. ಅರ್ಜಿಯಲ್ಲಿ ಅಂಕಪಟ್ಟಿಯಷ್ಟೇ ಆಗಿದ್ದವರು ಪರಿಚಯದ ಮುಖವಾಗಿರುತ್ತಾರೆ.

ಆಯ್ಕೆಯ ಕ್ರಮವನ್ನೂ ಅವರು ಬದಲಿಸಿದರು. ಜಿಆರ್‌ಇ ಕಟ್‌ಆಫ್ ಕೈಬಿಟ್ಟು, ಒಂದು ಕ್ರಮಬದ್ಧ ಸಂದರ್ಶನ ತಂದರು. ಕಷ್ಟ ಬಂದಾಗ ಏನು ಮಾಡಿದಿರಿ, ಸೋತ ಪ್ರಯೋಗವನ್ನು ಮತ್ತೆ ಹೇಗೆ ಎತ್ತಿಕೊಂಡಿರಿ, ಯಾರ ಸಹಾಯ ಕೇಳಿದಿರಿ ಎಂಬಂಥ ಪ್ರಶ್ನೆಗಳು. ಸಂಶೋಧನೆ ಎಂದರೆ ಬಹುಪಾಲು ಸೋಲಿನೊಡನೆ ಏಗುವ ಕೆಲಸವಾದ್ದರಿಂದ ಇವು ಹೊರಗಿನ ಪ್ರಶ್ನೆಗಳಲ್ಲ. ಮೊದಲ ಹತ್ತು ವರ್ಷಗಳಲ್ಲಿ ಸೇರಿದವರಲ್ಲಿ ಸುಮಾರು ಐದರಲ್ಲಿ ನಾಲ್ವರು ಪಿಎಚ್‌ಡಿ ಮುಗಿಸಿದರು ಅಥವಾ ಮುಗಿಸುವ ಹಾದಿಯಲ್ಲಿದ್ದರು. ಅವರಲ್ಲಿ ಹೆಚ್ಚಿನವರನ್ನು ರೂಢಿಯ ಕಟ್‌ಆಫ್ ಹೊರಗೇ ನಿಲ್ಲಿಸುತ್ತಿತ್ತು. ನಕ್ಷತ್ರಗಳ ಬೆಳಕಿನ ಮಿನುಗಿನಿಂದ ಅವುಗಳ ಮೇಲ್ಮೈ ಗುರುತ್ವ ಅಳೆಯುವ ವಿಧಾನವನ್ನು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ತಂಡದ ಮುಂದಾಳು ಫ್ಯಾಬಿಯನ್ ಬಾಸ್ಟಿಯನ್ ಈ ಸೇತುವೆ ದಾಟಿ ಬಂದವರು. ಅಮೆರಿಕದ ಭೌತಶಾಸ್ತ್ರ ಸಂಘವೂ ಇದೇ ಮಾದರಿಯನ್ನು ದೇಶದ ಹಲವು ವಿಭಾಗಗಳಿಗೆ ಹರಡಿತು.

ಜಿಆರ್‌ಇ ಜರಡಿ

ಕರ್ನಾಟಕದಿಂದ ಹೋಗುವವರಿಗೆ ಜಿಆರ್‌ಇ ಚಿರಪರಿಚಿತ. ಅದು ಎಷ್ಟು ನಂಬಿಕೆಗೆ ಅರ್ಹ ಎಂಬ ಚರ್ಚೆ 2014ರಲ್ಲಿ ಜೋರಾಯಿತು. ಕೇಸಿ ಮಿಲ್ಲರ್ ಮತ್ತು ಸ್ಟಾಸನ್ ‘ನೇಚರ್’ನಲ್ಲಿ ಬರೆದು, ಕನಿಷ್ಠ ಅಂಕದ ಗೆರೆ ಎಳೆದರೆ ಮಹಿಳೆಯರೂ ಅಲ್ಪಸಂಖ್ಯಾತರೂ ಹೆಚ್ಚು ಹೊರಗುಳಿಯುತ್ತಾರೆ, ಆದರೆ ಆ ಅಂಕ ಪಿಎಚ್‌ಡಿ ಮುಗಿಸುವುದನ್ನು ಅಷ್ಟೇನೂ ಮುನ್ಸೂಚಿಸುವುದಿಲ್ಲ ಎಂದು ವಾದಿಸಿದರು. 2019ರಲ್ಲಿ ಸುಮಾರು ನಾಲ್ಕು ಸಾವಿರ ಭೌತಶಾಸ್ತ್ರ ವಿದ್ಯಾರ್ಥಿಗಳ ದಾಖಲೆ ಆಧರಿಸಿ ಮಿಲ್ಲರ್ ತಂಡ ಮತ್ತೆ ಅದೇ ತೀರ್ಮಾನಕ್ಕೆ ಬಂತು. ಅಂಕಿಅಂಶಗಳ ವಿಧಾನ ಸರಿಯಿಲ್ಲ, ಈಗಾಗಲೇ ಆಯ್ಕೆಯಾದವರನ್ನಷ್ಟೇ ನೋಡಿದರೆ ಪರೀಕ್ಷೆಯ ಬೆಲೆ ಕಡಿಮೆಯಾಗಿ ಕಾಣುತ್ತದೆ ಎಂಬ ಆಕ್ಷೇಪವೂ ಬಂತು. ಆ ಆಕ್ಷೇಪದಲ್ಲಿ ತಿರುಳಿದೆ. ಆದರೂ ಒಂದು ವಿಷಯದಲ್ಲಿ ವಾದವಿಲ್ಲ: ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ, ಅಂಕವೊಂದನ್ನೇ ನೋಡಿ ಗೆರೆ ಎಳೆಯಬೇಡಿ ಎಂದು ಹೇಳುತ್ತ ಬಂದಿದೆ. ಎಷ್ಟೋ ವಿಭಾಗಗಳು ಆ ಮಾತನ್ನು ಕೇಳಿರಲಿಲ್ಲ.

ಏಕೆ ಕೇಳಲಿಲ್ಲ ಎಂಬುದಕ್ಕೆ ಸಮಾಜವಿಜ್ಞಾನಿ ಜೂಲಿ ಪೊಸೆಲ್ಟ್ ಅವರ ಅಧ್ಯಯನ ಉತ್ತರ ಕೊಡುತ್ತದೆ. ಹತ್ತು ಹೆಸರಾಂತ ಪಿಎಚ್‌ಡಿ ವಿಭಾಗಗಳ ಪ್ರವೇಶ ಪ್ರಕ್ರಿಯೆಯನ್ನು ಒಳಗಿನಿಂದ ನೋಡಿ ಅವರು 2016ರಲ್ಲಿ ಪುಸ್ತಕ ಪ್ರಕಟಿಸಿದರು. ನೂರಾರು ಅರ್ಜಿ, ಕೆಲವೇ ದಿನ, ಬಿಡುವಿಲ್ಲದ ಪ್ರೊಫೆಸರರು. ರಾಶಿ ಕರಗಿಸಲು ಮೊದಲು ಕೈಗೆ ಸಿಗುವುದು ಅಂಕ. ಆಮೇಲೆ ತಮ್ಮಂಥ ಹಿನ್ನೆಲೆಯವರು, ತಮಗೆ ಗೊತ್ತಿರುವ ಕಾಲೇಜಿನವರು ಇಷ್ಟವಾಗುತ್ತಾರೆ. ಕೆಟ್ಟ ಉದ್ದೇಶ ಯಾರಿಗೂ ಇಲ್ಲದೆಯೂ ಪ್ರತಿ ವರ್ಷ ಅದೇ ಬಗೆಯ ಪಟ್ಟಿ ಬರುತ್ತದೆ. ಜರಡಿಯ ಕಣ್ಣು ಹೇಗಿದೆಯೋ ಉಳಿಯುವ ಕಾಳೂ ಹಾಗೆಯೇ. 2020ರ ಸಾಂಕ್ರಾಮಿಕದ ಹೊತ್ತಿಗೆ ಬಹಳಷ್ಟು ವಿಭಾಗಗಳು ಜಿಆರ್‌ಇಯನ್ನು ಐಚ್ಛಿಕ ಮಾಡಿದವು ಅಥವಾ ಬಿಟ್ಟೇಬಿಟ್ಟವು. ಪರೀಕ್ಷೆ ತೆಗೆದರೆ ಸಾಲದು ಎಂಬುದನ್ನೂ ಹೇಳಬೇಕು. ಆಗ ಶಿಫಾರಸು ಪತ್ರದ, ಕಾಲೇಜಿನ ಹೆಸರಿನ ತೂಕ ಹೆಚ್ಚಾಗುತ್ತದೆ, ಅದೂ ಉಳ್ಳವರ ಕಡೆಗೇ ವಾಲಬಹುದು.

ಹಣ, ಸಂಘಗಳು, ಸಮ್ಮೇಳನಗಳು

ಲೇಸರ್ ಭೌತಶಾಸ್ತ್ರದಲ್ಲಿ 1976ರಲ್ಲಿ ಎಂಐಟಿಯಿಂದ ಪಿಎಚ್‌ಡಿ ಪಡೆದ ರೊನಾಲ್ಡ್ ಮೆಕ್‌ನೇರ್ 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆಯ ಸ್ಫೋಟದಲ್ಲಿ ತೀರಿಕೊಂಡರು. ದಕ್ಷಿಣ ಕೆರೊಲಿನದ ಸಣ್ಣ ಊರಿನ, ಕಪ್ಪು ಕಾಲೇಜಿನಲ್ಲಿ ಪದವಿ ಓದಿದ ಹುಡುಗ. ಅವರ ಹೆಸರಿನಲ್ಲಿ ಅಮೆರಿಕದ ಸಂಸತ್ತು ಸ್ಥಾಪಿಸಿದ ಯೋಜನೆ, ಬಡ ಮನೆಯ, ಮೊದಲ ತಲೆಮಾರಿನ ಪದವಿ ವಿದ್ಯಾರ್ಥಿಗಳನ್ನು ಪಿಎಚ್‌ಡಿಗೆ ಸಿದ್ಧಗೊಳಿಸುತ್ತದೆ. 1976ರಲ್ಲಿ ಆರಂಭವಾದ ಜೆಮ್ ಒಕ್ಕೂಟದಲ್ಲಿ ಕಂಪನಿಗಳೂ ವಿಶ್ವವಿದ್ಯಾಲಯಗಳೂ ಸೇರಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಫೀಸು, ಸ್ಟೈಪೆಂಡ್, ಬೇಸಿಗೆ ಕೆಲಸ ಕೊಡುತ್ತವೆ. ಎನ್‌ಎಸ್‌ಎಫ್ 1991ರಲ್ಲಿ ಪದವಿ ಹಂತಕ್ಕೆ, 1998ರಲ್ಲಿ ಪಿಎಚ್‌ಡಿ ಮತ್ತು ಅಧ್ಯಾಪಕ ಹಂತಕ್ಕೆ ಒಕ್ಕೂಟಗಳನ್ನು ಕಟ್ಟಿತು.

ಸರ್ಕಾರದ ಈ ಯೋಜನೆಗಳಿಗೂ ಮೊದಲು ವಿಜ್ಞಾನಿಗಳೂ ವಿದ್ಯಾರ್ಥಿಗಳೂ ತಾವೇ ಸಂಘ ಕಟ್ಟಿಕೊಂಡಿದ್ದರು: 1973ರಲ್ಲಿ ಮೆಕ್ಸಿಕೊ ಮೂಲದ ಮತ್ತು ಮೂಲನಿವಾಸಿ ವಿಜ್ಞಾನಿಗಳ ಸಾಕ್ನಾಸ್, 1975ರಲ್ಲಿ ಪರ್ಡ್ಯೂನಲ್ಲಿ ಕಪ್ಪು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಸಂಘ, 1977ರಲ್ಲಿ ಮೂಲನಿವಾಸಿಗಳ ಐಸೆಸ್. ಇವುಗಳ ವಾರ್ಷಿಕ ಸಮ್ಮೇಳನಗಳಲ್ಲಿ ವಿಶ್ವವಿದ್ಯಾಲಯಗಳು ಮಳಿಗೆ ಹಾಕಿ ವಿದ್ಯಾರ್ಥಿಗಳನ್ನು ಹುಡುಕುತ್ತವೆ. ಶರ್ಲಿ ಆ್ಯನ್ ಜಾಕ್ಸನ್ ಎಂಐಟಿಯಲ್ಲಿ ಓದುತ್ತಿದ್ದಾಗ, 1960ರ ದಶಕದ ಕೊನೆಯಲ್ಲಿ, ಕಪ್ಪು ವಿದ್ಯಾರ್ಥಿಗಳ ಸಂಘ ಕಟ್ಟಿ, ಹೆಚ್ಚು ಜನರನ್ನು ಸೇರಿಸಿಕೊಳ್ಳಿ ಎಂದು ಆಡಳಿತವನ್ನು ಒತ್ತಾಯಿಸಿದರು. 1973ರಲ್ಲಿ ಅವರು ಎಂಐಟಿಯಿಂದ ಪಿಎಚ್‌ಡಿ ಪಡೆದ ಮೊದಲ ಕಪ್ಪು ಮಹಿಳೆಯಾದರು. ಇಂದಿಗೂ ಹೊಸಬರನ್ನು ಕರೆತರುವ ಕೆಲಸದ ದೊಡ್ಡ ಪಾಲು ಹೀಗೆ ಮೊದಲೇ ಒಳಗೆ ಬಂದ ಕೆಲವರ ಹೆಗಲ ಮೇಲಿದೆ, ಅವರ ಸಂಶೋಧನೆಯ ಸಮಯವನ್ನು ತಿನ್ನುತ್ತಿದೆ. ಇದು ಅನ್ಯಾಯ.

ಮೀಸಲಾತಿ ಅಲ್ಲ

ಭಾರತದಲ್ಲಿ ಕೇಂದ್ರದ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಇತರ ಹಿಂದುಳಿದ ವರ್ಗಗಳಿಗೆ ಶೇ. 27 ಸೀಟುಗಳು ಕಾನೂನಿನ ಪ್ರಕಾರ ಮೀಸಲು. ಅಮೆರಿಕದಲ್ಲಿ ಹಾಗೆ ಸೀಟು ಕಾದಿರಿಸುವುದನ್ನು ಸುಪ್ರೀಂ ಕೋರ್ಟ್ 1978ರ ಬಕಿ ಪ್ರಕರಣದಲ್ಲೇ ತಡೆಯಿತು. ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದು ಎಂದಷ್ಟೇ ಉಳಿಯಿತು. ಅದೂ 2023ರ ಜೂನ್ 29ರಂದು ಹೋಯಿತು. ಹಾರ್ವರ್ಡ್ ಮತ್ತು ಉತ್ತರ ಕೆರೊಲಿನ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ, ಪ್ರವೇಶಕ್ಕೆ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟ್ ಹೇಳಿತು. ಜನಾಂಗದಿಂದಾಗಿ ತನ್ನ ಬದುಕು ಹೇಗೆ ರೂಪುಗೊಂಡಿತು ಎಂದು ವಿದ್ಯಾರ್ಥಿ ಬರೆಯುವುದಕ್ಕೆ ಮಾತ್ರ ಅಡ್ಡಿ ಮಾಡಲಿಲ್ಲ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ವೈವಿಧ್ಯ ಕಾರ್ಯಕ್ರಮಗಳ ವಿರುದ್ಧ ಆದೇಶ ಹೊರಡಿಸಿದರು. ಆ ವರ್ಷ ಎನ್‌ಎಸ್‌ಎಫ್ ಮತ್ತು ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಇಂಥ ಹಲವು ಅನುದಾನಗಳನ್ನು ರದ್ದು ಮಾಡಿದವು, ಕೆಲವು ನ್ಯಾಯಾಲಯದ ಮೆಟ್ಟಿಲೇರಿದವು.

ಈ ಹಿನ್ನಡೆ ನೋವಿನದು. ಮೂವತ್ತು ನಲವತ್ತು ವರ್ಷ ಕೂಡಿಸಿದ ಅನುಭವ ಒಂದು ಆದೇಶದಿಂದ ಚದುರಿಹೋಗಬಹುದು. ಆದರೆ ಮೇಲೆ ಹೇಳಿದ ಕೆಲಸಗಳಲ್ಲಿ ಬಹಳಷ್ಟಕ್ಕೆ ಜನಾಂಗದ ಹೆಸರು ಬೇಕಿಲ್ಲ. ಸಣ್ಣ ಕಾಲೇಜುಗಳಿಗೆ ಹೋಗಿ ಮಾತಾಡುವುದು, ಬೇಸಿಗೆ ಸಂಶೋಧನೆಗೆ ಸಂಬಳ ಕೊಡುವುದು, ಅರ್ಜಿ ಶುಲ್ಕ ಬಿಡುವುದು, ಕಟ್‌ಆಫ್ ಬದಲು ಅರ್ಜಿ ಓದುವುದು, ಗುಂಪಿನಲ್ಲಿ ಕಷ್ಟದ ಲೆಕ್ಕ ಬಿಡಿಸಿಸುವುದು, ಇವು ಯಾವ ತೀರ್ಪಿಗೂ ವಿರುದ್ಧವಲ್ಲ. ಇವುಗಳಿಂದ ಬಡ ಬಿಳಿಯ ವಿದ್ಯಾರ್ಥಿಗೂ ಅಷ್ಟೇ ಅನುಕೂಲ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವ, ಲ್ಯಾಬ್ ನಡೆಸುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರು ಪ್ರತಿ ವರ್ಷ ಪ್ರವೇಶ ಸಮಿತಿಯಲ್ಲಿ ಕೂರುತ್ತಾರೆ. ಅವರಲ್ಲಿ ಒಂದು ವಿನಂತಿ: ಈ ಸಲ ಅರ್ಜಿಗಳ ರಾಶಿ ಮುಂದೆ ಬಂದಾಗ, ನೀವು ಹೆಸರೇ ಕೇಳದ ಕಾಲೇಜಿನ ವಿದ್ಯಾರ್ಥಿಯ ಶಿಫಾರಸು ಪತ್ರಗಳನ್ನು ಅಂಕ ನೋಡುವ ಮೊದಲೇ ಪೂರ್ತಿ ಓದಿ. ಸಂದೇಹ ಬಂದರೆ ಆ ವಿದ್ಯಾರ್ಥಿಗೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿ.